ಚಂದ್ರ ಎಷ್ಟು ಹೊತ್ತಿಗೆ ಮೂಡುತ್ತಾನೆ: ರಟ್ಟಿನಲ್ಲಿ ಮಾಡಿದ ಚಂದ್ರಚಕ್ರ

ಚಂದ್ರ ದಿನಕ್ಕೆ 50 ನಿಮಿಷ ತಡವಾಗಿ ಮೂಡುತ್ತಾನೆ ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. ಅದನ್ನೇ ಹಿಡಿದು ಹುಣ್ಣಿಮೆಯ ಸಂಜೆಯಿಂದ ಮುಂದಕ್ಕೆ ಕೂಡಿಸುತ್ತ ಹೋದರೆ ವಾರದೊಳಗೆ ಲೆಕ್ಕ ಒಂದು ಕಡೆ, ಚಂದ್ರ ಇನ್ನೊಂದು ಕಡೆ. 50 ನಿಮಿಷ ಸುಳ್ಳಲ್ಲ, ಅದು ಸರಾಸರಿ. ಆ ಸರಾಸರಿಯೊಳಗೆ ಮೂರು ಬೇರೆ ಬೇರೆ ಚಲನೆಗಳು ಬೆರೆತುಹೋಗಿವೆ. ಚಂದ್ರ ಸೂರ್ಯನಿಂದ ದಿನದಿನಕ್ಕೆ ದೂರ ಸರಿಯುವುದು ಒಂದು. ಆಕಾಶದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ತೂಗುವುದು ಎರಡನೆಯದು. ತನ್ನ ದಾರಿಯಲ್ಲಿ ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ ನಡೆಯುವುದು ಮೂರನೆಯದು.

ಮೊಬೈಲ್ ಆ್ಯಪ್ ಚಂದ್ರೋದಯದ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ. ಇವತ್ತು ಯಾಕೆ 38 ನಿಮಿಷ, ಹದಿನೈದು ದಿನದ ಹಿಂದೆ ಯಾಕೆ 60 ಅನ್ನುವುದನ್ನು ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಆ ಮೂರೂ ಕಾರಣಗಳಿಗೆ ಒಂದೊಂದು ಬಿಡಿಭಾಗ ಇರುವ, ಕೈಯಿಂದ ತಿರುಗಿಸಬಹುದಾದ ಒಂದು ಚಕ್ರ. ಅದನ್ನು ಮಾಡಿದ ಬಗೆ, ಒಂದು ತಿಂಗಳು ಆಕಾಶದ ಎದುರು ಹಿಡಿದು ನೋಡಿದ ಬಗೆ ಇಲ್ಲಿದೆ.

ಸಾಮಾನು

3 ಮಿ.ಮೀ. ದಪ್ಪದ ಗಟ್ಟಿ ರಟ್ಟು, ಬಿಳಿ ಡ್ರಾಯಿಂಗ್ ಶೀಟ್, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕೈವಾರ, ಕೋನಮಾಪಕ, ಕಟ್ಟರ್, ಒಂದು ಎಂ4 ಬೋಲ್ಟು, ಎರಡು ವಾಷರ್, ಒಂದು ಲಾಕ್ ನಟ್ಟು. ಕೋನಮಾಪಕ ಆದಷ್ಟು ದೊಡ್ಡದಿರಲಿ, ಪೂರ್ತಿ 360 ಡಿಗ್ರಿಯದ್ದಾದರೆ ಇನ್ನೂ ಒಳ್ಳೆಯದು. ಈ ಚಕ್ರದಲ್ಲಿ 1 ಡಿಗ್ರಿ ಅಂದರೆ 4 ನಿಮಿಷ. ಶಾಲೆಯ ಕಂಪಾಸ್ ಪೆಟ್ಟಿಗೆಯ ಚಿಕ್ಕ ಕೋನಮಾಪಕದಲ್ಲಿ ಅರ್ಧ ಡಿಗ್ರಿ ಆಚೀಚೆ ಆಗುವುದು ಸಹಜ, ಅಂದರೆ ಎರಡು ನಿಮಿಷ. ಅಷ್ಟನ್ನು ಸಹಿಸಿಕೊಳ್ಳಬಹುದು.

ನಟ್ಟು ಲಾಕ್ ನಟ್ಟೇ ಆಗಬೇಕು. ಮಾಮೂಲಿ ನಟ್ಟು ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಸಡಿಲವಾಗುತ್ತದೆ, ಮುಳ್ಳುಗಳು ಇಟ್ಟಲ್ಲಿ ನಿಲ್ಲುವುದಿಲ್ಲ.

ತಳದ ತಟ್ಟೆ, ಹೊರಗಿನ ಬಳೆ

14 ಸೆಂ.ಮೀ. ತ್ರಿಜ್ಯದ ವೃತ್ತ ಕತ್ತರಿಸಿ, ಅದರ ಹೊರ ಅಂಚಿನ 2 ಸೆಂ.ಮೀ. ಅಗಲದ ಬಳೆಯನ್ನು ಬೇರೆ ಮಾಡಿದೆ. ಬಳೆಯ ಮೇಲೆ 24 ಗಂಟೆಯ ಗುರುತು, ಗಂಟೆಗೆ 15 ಡಿಗ್ರಿ. ಮಧ್ಯಾಹ್ನ 12 ಮೇಲೆ, ಸಂಜೆ 6 ಬಲಕ್ಕೆ, ನಡುರಾತ್ರಿ ಕೆಳಗೆ, ಬೆಳಗಿನ 6 ಎಡಕ್ಕೆ. ಒಳಗಿನ 12 ಸೆಂ.ಮೀ. ತಟ್ಟೆಯ ಮೇಲ್ತುದಿಯಲ್ಲಿ ಒಂದು ಕೆಂಪು ಗೀಟು. ಇದು ಸೂರ್ಯ ನಿಜವಾಗಿ ದಕ್ಷಿಣೋತ್ತರ ರೇಖೆಯನ್ನು ದಾಟುವ ಕ್ಷಣ. ಇಡೀ ಚಕ್ರಕ್ಕೆ ಸೊನ್ನೆ ಅದೇ.

ಬಳೆಯನ್ನು ಬೇರೆ ಮಾಡಿದ್ದಕ್ಕೆ ಕಾರಣ ಇದೆ. ಗಡಿಯಾರದ 12 ಗಂಟೆಗೂ ಸೂರ್ಯನ ಮಧ್ಯಾಹ್ನಕ್ಕೂ ತಾಳೆಯಾಗುವ ಊರು, ತಾಳೆಯಾಗುವ ದಿನ ತೀರಾ ಕಡಿಮೆ. ನಿಮ್ಮ ಕಾಲವಲಯದ ಮೂಲ ರೇಖಾಂಶದಿಂದ ಒಂದೊಂದು ಡಿಗ್ರಿ ಪಶ್ಚಿಮಕ್ಕೆ ಹೋದಷ್ಟೂ ಸೂರ್ಯ 4 ನಿಮಿಷ ತಡ. ಅದರ ಮೇಲೆ ಭೂಕಕ್ಷೆಯ ಅಂಡಾಕಾರ ಮತ್ತು ಅಕ್ಷದ ಓರೆ ಎರಡೂ ಸೇರಿ, ಫೆಬ್ರವರಿ ನಡುವಿನಲ್ಲಿ ಸೂರ್ಯ ಸುಮಾರು 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ ಮೊದಲ ವಾರದಲ್ಲಿ ಸುಮಾರು 16 ನಿಮಿಷ ಮುಂದೆ ಓಡುತ್ತಾನೆ. ಇವೆರಡನ್ನೂ ಕೂಡಿಸಿ, ಸೂರ್ಯ ಇವತ್ತು ಗಡಿಯಾರದಲ್ಲಿ 12:20ಕ್ಕೆ ನಡು ದಾಟುತ್ತಾನೆ ಅಂತಾದರೆ ಬಳೆಯ 12:20 ಅನ್ನು ಕೆಂಪು ಗೀಟಿಗೆ ತಂದು ನಿಲ್ಲಿಸಿದರಾಯಿತು. ಚಂದ್ರನ ಹೊತ್ತುಗಳೆಲ್ಲ ಆಮೇಲೆ ನೇರವಾಗಿ ಗಡಿಯಾರದ ಹೊತ್ತಿನಲ್ಲೇ ಸಿಗುತ್ತವೆ.

ಚಂದ್ರನ ವಯಸ್ಸಿನ ಗೆರೆಗಳು

ಅಮಾವಾಸ್ಯೆಯ ಕ್ಷಣದಿಂದ ಕಳೆದ ದಿನಗಳೇ ಚಂದ್ರನ ವಯಸ್ಸು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.5306 ದಿನ. 360 ಡಿಗ್ರಿಯನ್ನು ಇದರಿಂದ ಭಾಗಿಸಿದರೆ ದಿನಕ್ಕೆ 12.19 ಡಿಗ್ರಿ. ಸೂರ್ಯನಿಂದ ಚಂದ್ರ ಪೂರ್ವಕ್ಕೆ ಸರಿಯುವ ಸರಾಸರಿ ವೇಗ ಇದು. ಹೊತ್ತಿನ ಲೆಕ್ಕದಲ್ಲಿ 48.8 ನಿಮಿಷ. ಹಾಗಾದರೆ ಎಲ್ಲರೂ ಹೇಳುವ 50 ಎಲ್ಲಿಂದ ಬಂತು?

ಇಡೀ ಚಕ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಚಂದ್ರ ನಿನ್ನೆಗಿಂತ 48.8 ನಿಮಿಷದಷ್ಟು ಹಿಂದಿದ್ದಾನೆ ಅಂದುಕೊಳ್ಳಿ. ಆ ಅಂತರವನ್ನು ತುಂಬಲು ಭೂಮಿ 48.8 ನಿಮಿಷ ತಿರುಗಬೇಕು. ತಿರುಗುವ ಆ ಹೊತ್ತಿನಲ್ಲಿ ಚಂದ್ರ ಇನ್ನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯಲು ಮತ್ತೆ ಒಂದೂ ಮುಕ್ಕಾಲು ನಿಮಿಷ ಬೇಕು. ಒಟ್ಟು 50.5 ನಿಮಿಷ. ಡಿಗ್ರಿಯಲ್ಲಿ 12.62. ಆ ಲೆಕ್ಕದಲ್ಲಿ ಸುತ್ತು ತುಂಬಲು 29.53 ಗೆರೆ ಬೇಡ, 28.53 ಸಾಕು. ಅಂದರೆ ಒಂದು ಚಾಂದ್ರಮಾಸದಲ್ಲಿ ಸೂರ್ಯ 29.53 ಸಲ ನಡು ದಾಟಿದರೆ ಚಂದ್ರ ಅದಕ್ಕಿಂತ ಸರಿಯಾಗಿ ಒಂದು ಸಲ ಕಡಿಮೆ ದಾಟುತ್ತಾನೆ. ಹಾಗೆಯೇ ಒಂದು ಸಲ ಕಡಿಮೆ ಮೂಡುತ್ತಾನೆ, ಒಂದು ಸಲ ಕಡಿಮೆ ಮುಳುಗುತ್ತಾನೆ.

ಆದ್ದರಿಂದ ತಳದ ತಟ್ಟೆಯ ಮೇಲೆ ಕೆಂಪು ಗೀಟಿನಿಂದ ಶುರುಮಾಡಿ, ಬಲಕ್ಕೆ 12.62 ಡಿಗ್ರಿಗೊಂದು ಗೆರೆ ಎಳೆದೆ: 0, 1, 2... ಹೀಗೆ 28ರ ತನಕ. 28ರ ಗೆರೆ 353.3 ಡಿಗ್ರಿಯಲ್ಲಿ ಬೀಳುತ್ತದೆ. ಅಲ್ಲಿಂದ ಕೆಂಪು ಗೀಟಿಗೆ ಅರ್ಧ ಮನೆಯಷ್ಟು ಜಾಗ ಉಳಿಯುತ್ತದೆ. ಅದನ್ನು ಹಾಗೇ ಬಿಡಬೇಕು, ಸಮ ಮಾಡಲು ಹೋಗಬಾರದು. ಒಂದೊಂದೇ ಕೋನವನ್ನು ಹಿಂದಿನ ಗೆರೆಯಿಂದ ಅಳೆಯುತ್ತ ಹೋದರೆ ಚೂರು ಚೂರು ವ್ಯತ್ಯಾಸ ಸೇರಿ ಕೊನೆಗೆ ದೊಡ್ಡದಾಗುತ್ತದೆ. 12.62, 25.24, 37.85 ಹೀಗೆ ಎಲ್ಲವನ್ನೂ ಸೊನ್ನೆಯಿಂದಲೇ ಅಳೆದು ಗುರುತು ಹಾಕುವುದು ಕ್ಷೇಮ.

ಓದುವ ಬಗೆ: ಇವತ್ತಿನ ಮಧ್ಯಾಹ್ನಕ್ಕೆ ಚಂದ್ರನ ವಯಸ್ಸು 5 ದಿನ ಅಂದರೆ 5ರ ಗೆರೆಯ ನೇರಕ್ಕೆ ಬಳೆಯ ಮೇಲೆ 16:12 ಕಾಣುತ್ತದೆ. ಚಂದ್ರ ನಡು ದಾಟುವುದು, ಆ ದಿನದ ಅತಿ ಎತ್ತರಕ್ಕೆ ಏರುವುದು ಆಗ. ಇದನ್ನು ನಾನು ಚಂದ್ರನ ಮಧ್ಯಾಹ್ನ ಅಂತ ಕರೆಯುತ್ತೇನೆ.

ಮುಖಗಳು

ಗೆರೆಗಳ ಒಳಗೆ, 8 ಸೆಂ.ಮೀ. ತ್ರಿಜ್ಯದಲ್ಲಿ, ಪ್ರತಿ ವಯಸ್ಸಿಗೆ ಒಂದು ಪುಟ್ಟ ಚಂದ್ರನನ್ನು ಬರೆದೆ. ಪಕ್ಕಪಕ್ಕದ ಗೆರೆಗಳ ನಡುವೆ ಅಲ್ಲಿ 17.6 ಮಿ.ಮೀ. ಸಿಗುತ್ತದೆ, 14 ಮಿ.ಮೀ. ವ್ಯಾಸದ ವೃತ್ತ ಆರಾಮಾಗಿ ಕೂರುತ್ತದೆ.

ಕತ್ತಲು ಬೆಳಕಿನ ನಡುವಿನ ಗಡಿಯನ್ನು ಕಣ್ಣಂದಾಜಿನಲ್ಲಿ ಬರೆದರೆ ಕುಡುಗೋಲು ಬರುತ್ತದೆ, ಚಂದ್ರ ಬರುವುದಿಲ್ಲ. ಗಡಿ ಯಾವಾಗಲೂ ಅರ್ಧ ದೀರ್ಘವೃತ್ತ. ಅದರ ಎರಡು ತುದಿಗಳು ವೃತ್ತದ ಎದುರುಬದುರು ಬಿಂದುಗಳಲ್ಲೇ ಇರುತ್ತವೆ, ಹೊಟ್ಟೆ ಮಾತ್ರ ಒಳಗೆ ಹೊರಗೆ ಹೋಗುತ್ತದೆ. ವೃತ್ತದ ತ್ರಿಜ್ಯವನ್ನು ಸೂರ್ಯ–ಚಂದ್ರರ ನಡುವಿನ ಕೋನದ ಕೊಸೈನ್‌ನಿಂದ ಗುಣಿಸಿದರೆ ಹೊಟ್ಟೆ ಎಷ್ಟು ಅಂತ ಸಿಗುತ್ತದೆ. 7 ಮಿ.ಮೀ. ತ್ರಿಜ್ಯಕ್ಕೆ 3ನೇ ದಿನ ಕೇಂದ್ರದಿಂದ 5.6 ಮಿ.ಮೀ., 5ನೇ ದಿನ 3.4 ಮಿ.ಮೀ., 10ನೇ ದಿನ ಕೇಂದ್ರದ ಆ ಬದಿಗೆ 3.7 ಮಿ.ಮೀ. ಬೆಳಗಿದ ಪಾಲು ಅದೇ ದಿನಗಳಲ್ಲಿ ಸುಮಾರು ಶೇ. 10, 26, 76. ಮೊದಲ ದಿನ ಬರೀ ಶೇ. 1. ಕಣ್ಣಿಗೆ ಅರ್ಧ ಚಂದ್ರ ಕಂಡಾಗ ಬೆಳುದಿಂಗಳು ಹುಣ್ಣಿಮೆಯ ಅರ್ಧ ಇರುತ್ತದೆ ಅಂದುಕೊಂಡರೆ ತಪ್ಪು, ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಅಷ್ಟೆ. ಓರೆ ಬೆಳಕಿನಲ್ಲಿ ಕುಳಿಗಳ, ಉಬ್ಬುತಗ್ಗುಗಳ ನೆರಳು ಚಂದ್ರನ ನೆಲವನ್ನು ಕಪ್ಪಾಗಿಸುವುದು ಇದಕ್ಕೆ ದೊಡ್ಡ ಕಾರಣ.

ಬೆಳಕಿನ ಬದಿ ಬಲಕ್ಕೋ ಎಡಕ್ಕೋ? ಉತ್ತರದ ಎತ್ತರದ ಅಕ್ಷಾಂಶಗಳಲ್ಲಿ ಶುಕ್ಲಪಕ್ಷದ ಚಂದ್ರನ ಬಲಬದಿ ಬೆಳಗುತ್ತದೆ, ದಕ್ಷಿಣಾರ್ಧದಲ್ಲಿ ಎಡಬದಿ, ಸಮಭಾಜಕದ ಹತ್ತಿರ ಬಿದಿಗೆ ಚಂದ್ರ ಅಂಗಾತ ಮಲಗಿರುತ್ತಾನೆ. ಎಡ–ಬಲವನ್ನು ಬಿಟ್ಟು, ಪ್ರತಿ ಚಿತ್ರದಲ್ಲೂ ಬೆಳಗಿದ ಅಂಚನ್ನು ವೃತ್ತದ ಗುಂಟ ಕೆಂಪು ಗೀಟಿನ ಕಡೆಗೆ, ಅಂದರೆ ಹತ್ತಿರದ ದಾರಿಯಲ್ಲಿ ಸೂರ್ಯನ ಕಡೆಗೆ ಮಾಡಿದೆ. ಹೀಗೆ ಬರೆದರೆ ಯಾವ ಅಕ್ಷಾಂಶಕ್ಕೂ ಚಿತ್ರ ಬದಲಿಸಬೇಕಿಲ್ಲ. ಚಂದ್ರನ ದಾರಿ ಆಕಾಶದಲ್ಲಿ ಹೇಗೆ ಓರೆಯಾಗಿದೆಯೋ ಚಿತ್ರವನ್ನೂ ಹಾಗೇ ಓರೆ ಮಾಡಿ ಹಿಡಿದರೆ ತಾಳೆಯಾಗುತ್ತದೆ.

ಕೆಂಪು ಗೀಟಿನ ಆಚೀಚೆ ಅರ್ಧ ಮನೆಗಿಂತ ತುಸು ಹೆಚ್ಚು ಜಾಗವನ್ನು ಪೂರ್ತಿ ಕಪ್ಪು ಬಳಿದಿದ್ದೇನೆ. ಸೂರ್ಯನಿಂದ ಸುಮಾರು 7 ಡಿಗ್ರಿಯೊಳಗೆ ಬೆಳಗಿದ ಎಳೆಯೇ ಕಾಣಿಸದು ಎಂದು ಫ್ರೆಂಚ್ ಖಗೋಳಜ್ಞ ಆಂದ್ರೆ ಡಾಂಜೋನ್ 1930ರ ದಶಕದಲ್ಲಿ ತೋರಿಸಿದ್ದರು. ಸರಾಸರಿ ವೇಗದಲ್ಲಿ ಅದು 14 ಗಂಟೆ ವಯಸ್ಸು. ಬರಿಗಣ್ಣಿಗೆ ಸಾಮಾನ್ಯವಾಗಿ ಅದಕ್ಕಿಂತಲೂ ಬಲಿತ ಚಂದ್ರ ಬೇಕು.

ಮೂರು ಮುಳ್ಳು

ನಡು ಮುಳ್ಳನ್ನು ಪಾರದರ್ಶಕ ಹಾಳೆಯ ಪೂರ್ತಿ ವೃತ್ತವಾಗಿಯೇ ಕತ್ತರಿಸಿ, ಕೇಂದ್ರದಿಂದ ಅಂಚಿಗೆ ಒಂದು ಕಪ್ಪು ಗೆರೆ ಎಳೆದೆ. ಆ ಗೆರೆಯ ಮೇಲೆ, 8 ಸೆಂ.ಮೀ. ದೂರದಲ್ಲಿ, 16 ಮಿ.ಮೀ. ವ್ಯಾಸದ ಕಿಂಡಿಯನ್ನು ಬಿಟ್ಟು ಅದರ ಸುತ್ತ ತೆಳು ನೀಲಿ ಬಣ್ಣ ಹಚ್ಚಿದೆ. ಗೆರೆಯನ್ನು ವಯಸ್ಸಿಗೆ ತಂದರೆ ಕಿಂಡಿಯಲ್ಲಿ ಆ ದಿನದ ಮುಖ ಕಾಣುತ್ತದೆ.

ಉದಯ, ಅಸ್ತದ ಮುಳ್ಳುಗಳು ಬೇರೆ ಬೇರೆ ಪಟ್ಟಿಗಳು. ಮೂರೂ ಒಂದೇ ಬೋಲ್ಟಿನ ಮೇಲೆ ಬೀಸಣಿಗೆಯ ಕಡ್ಡಿಗಳ ಹಾಗೆ ತೆರೆಯುತ್ತವೆ, ಮುಚ್ಚುತ್ತವೆ. ಎಷ್ಟು ತೆರೆಯಬೇಕು ಅನ್ನುವುದೇ ಎರಡನೆಯ ಕಾರಣ.

ಚಂದ್ರ ಆಕಾಶದ ವಿಷುವದ್ವೃತ್ತದ ಮೇಲಿದ್ದರೆ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಂಡ ವೃತ್ತ ಅದು) ಮೂಡಿದ ಮೇಲೆ ನಡು ದಾಟಲು 6 ಗಂಟೆ 13 ನಿಮಿಷ ಬೇಕು, ಅಲ್ಲಿಂದ ಮುಳುಗಲು ಮತ್ತೆ ಅಷ್ಟೇ. ಚಕ್ರದ ಮೇಲೆ ಎರಡೂ ಕಡೆ 93.2 ಡಿಗ್ರಿ. ಆದರೆ ಚಂದ್ರ ಅಲ್ಲೇ ನಿಲ್ಲುವವನಲ್ಲ. ಆ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನಕ್ಕೆ ಕ್ರಾಂತಿ ಎನ್ನುತ್ತಾರೆ. ಅಕ್ಷಾಂಶದ ಟ್ಯಾಂಜೆಂಟನ್ನು ಕ್ರಾಂತಿಯ ಟ್ಯಾಂಜೆಂಟಿನಿಂದ ಗುಣಿಸಿ, ಬಂದ ಸಂಖ್ಯೆ ಯಾವ ಕೋನದ ಸೈನ್ ಅಂತ ನೋಡಿ, ಆ ಕೋನವನ್ನು 90ಕ್ಕೆ ಕೂಡಿಸಬೇಕು. ದಕ್ಷಿಣ ಕ್ರಾಂತಿಯಾದರೆ ಕಳೆಯಬೇಕು. ಅದನ್ನು 1.035ರಿಂದ ಗುಣಿಸಿದರೆ ಚಕ್ರದ ಮೇಲಿನ ಕೋನ. ಈ 1.035 ಹಿಂದೆ ಹೇಳಿದ ಅದೇ ವಿಷಯ: ಭೂಮಿ ತಿರುಗುವಷ್ಟರಲ್ಲಿ ಚಂದ್ರ ಸರಿದುಬಿಟ್ಟಿರುತ್ತಾನೆ.

28 ಡಿಗ್ರಿ ಉತ್ತರ ಕ್ರಾಂತಿಗೆ ಲೆಕ್ಕ ಹಾಕಿದರೆ, 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಮೂಡುವುದರಿಂದ ನಡುವಿಗೆ 6 ಗಂಟೆ 47 ನಿಮಿಷ. 30 ಡಿಗ್ರಿಯಲ್ಲಿ 7:27. 45ರಲ್ಲಿ 8:26. 60ರಲ್ಲಿ 10 ಗಂಟೆ 50 ನಿಮಿಷ, ಅಂದರೆ ಚಂದ್ರ ಮುಳುಗುವುದೇ ಅಪರೂಪ ಅನ್ನುವಷ್ಟು. ಅದೇ 28 ಡಿಗ್ರಿ ದಕ್ಷಿಣಕ್ಕಿದ್ದಾಗ ಕ್ರಮವಾಗಿ 5:39, 4:59, 4:00, 1:35. ಹದಿನಾಲ್ಕು ದಿನದೊಳಗೆ ಚಂದ್ರ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ. ಸೂರ್ಯ ಆರು ತಿಂಗಳಲ್ಲಿ ಮಾಡುವ ಕೆಲಸ ಇದು. 50 ನಿಮಿಷದ ಸರಾಸರಿ ಯಾಕೆ ಕೈಕೊಡುತ್ತದೆ ಅನ್ನುವುದಕ್ಕೆ ಈ ಅಂಕಿಗಳಿಗಿಂತ ಬೇರೆ ಉತ್ತರ ಬೇಡ.

ನನ್ನ ಅಕ್ಷಾಂಶಕ್ಕೆ 4 ಡಿಗ್ರಿಗೊಂದರಂತೆ ಕ್ರಾಂತಿಯ ಗುರುತುಗಳನ್ನು ಪಾರದರ್ಶಕ ವೃತ್ತದ ಅಂಚಿನಲ್ಲಿ ಎರಡೂ ಬದಿ ಹಾಕಿದೆ. ಎಡದ ಗುರುತಿಗೆ ಉದಯದ ಮುಳ್ಳು, ಬಲದ ಅದೇ ಗುರುತಿಗೆ ಅಸ್ತದ ಮುಳ್ಳು. ಆಮೇಲೆ ಮೂರನ್ನೂ ಒಟ್ಟಿಗೆ ಹಿಡಿದು ನಡು ಗೆರೆಯನ್ನು ವಯಸ್ಸಿಗೆ ತಿರುಗಿಸಿದರೆ ಮೂರು ಹೊತ್ತು ಒಂದೇ ಸಲಕ್ಕೆ ಸಿಗುತ್ತವೆ.

ಹಿಂಬದಿ: ಕ್ರಾಂತಿ ಎಷ್ಟು?

ಸೂರ್ಯ ಎಲ್ಲಿದ್ದಾನೆ ಅನ್ನುವುದನ್ನು ತಾರೀಖು ಹೇಳುತ್ತದೆ. ಚಂದ್ರ ಸೂರ್ಯನಿಂದ ಎಷ್ಟು ದೂರ ಅನ್ನುವುದನ್ನು ವಯಸ್ಸು ಹೇಳುತ್ತದೆ. ಎರಡನ್ನೂ ಕೂಡಿಸಿದರೆ ಚಂದ್ರನ ಜಾಗ. ಇದಕ್ಕಾಗಿ ಹಿಂಬದಿಯಲ್ಲಿ ಇನ್ನೊಂದು ಜೋಡಿ ವೃತ್ತ ಮಾಡಿದೆ. ಹೊರಗಿನದರಲ್ಲಿ ವರ್ಷದ ತಾರೀಖುಗಳು: ಮಾರ್ಚ್ 20 ಸೊನ್ನೆ ಡಿಗ್ರಿ, ಜೂನ್ 21 ತೊಂಬತ್ತು, ಸೆಪ್ಟೆಂಬರ್ 22–23 ನೂರೆಂಬತ್ತು, ಡಿಸೆಂಬರ್ 21–22 ಇನ್ನೂರೆಪ್ಪತ್ತು. ತಾರೀಖಿನ ಪಕ್ಕದಲ್ಲೇ ಆ ಜಾಗದ ಕ್ರಾಂತಿ: 0ಗೆ ಸೊನ್ನೆ, 30ಕ್ಕೆ 11.5, 60ಕ್ಕೆ 20.2, 90ಕ್ಕೆ 23.4, ಹಾಗೇ ಇಳಿಯುತ್ತ ದಕ್ಷಿಣಕ್ಕೆ. ಒಳಗಿನ ತಿರುಗುವ ವೃತ್ತದಲ್ಲಿ ಚಂದ್ರನ ವಯಸ್ಸು. ಇಲ್ಲಿ ಗೆರೆಗಳ ಅಂತರ 12.19 ಡಿಗ್ರಿಯೇ, ಮುಂಬದಿಯ 12.62 ಅಲ್ಲ, ಯಾಕೆಂದರೆ ಇಲ್ಲಿ ಭೂಮಿ ತಿರುಗುವ ಲೆಕ್ಕವೇ ಇಲ್ಲ. ಒಳವೃತ್ತದ ಸೊನ್ನೆಯನ್ನು ಇವತ್ತಿನ ತಾರೀಖಿಗೆ ತಂದು, ವಯಸ್ಸಿನ ಗೆರೆಯ ನೇರಕ್ಕೆ ಕ್ರಾಂತಿ ಓದಿಕೊಳ್ಳುವುದು.

30 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಒಂದು ಉದಾಹರಣೆ. ಮಾರ್ಚ್ 20ರಂದು ಚಂದ್ರನ ವಯಸ್ಸು 5 ಅಂತಿಟ್ಟುಕೊಳ್ಳಿ. ಹಿಂಬದಿ 20.4 ಡಿಗ್ರಿ ಉತ್ತರ ಅನ್ನುತ್ತದೆ. ಮುಂಬದಿಯಲ್ಲಿ ನಡು 16:12, ಉದಯ 9:08, ಅಸ್ತ 23:16. ಅದೇ 5 ದಿನದ ಚಂದ್ರ ಸೆಪ್ಟೆಂಬರ್ 22ರಂದಾದರೆ ಕ್ರಾಂತಿ 20.4 ದಕ್ಷಿಣ. ನಡು ಅದೇ 16:12, ಉದಯ 10:51, ಅಸ್ತ 21:33. ಕಿಂಡಿಯಲ್ಲಿ ಕಾಣುವ ಮುಖ ಒಂದೇ, ಮುಳುಗುವ ಹೊತ್ತಿನಲ್ಲಿ ಮಾತ್ರ 1 ಗಂಟೆ 43 ನಿಮಿಷದ ಅಂತರ! ಈ ಎರಡು ಸಾಲನ್ನು ಚಕ್ರ ಮೊದಲ ಸಲ ಓದಿ ಹೇಳಿದಾಗ ಇಷ್ಟು ದಿನದ ಕತ್ತರಿ, ಅಂಟು, ಲೆಕ್ಕ ಎಲ್ಲದಕ್ಕೂ ಬೆಲೆ ಬಂತು ಅನ್ನಿಸಿತು.

ಈ ಹಿಂಬದಿ ಒಂದು ವಿಷಯವನ್ನು ಬಿಟ್ಟಿದೆ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5.1 ಡಿಗ್ರಿ ಓರೆ. ಆ ಓರೆ 18.6 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. 2024–25ರ ಸುಮಾರಿಗೆ ಚಂದ್ರನ ಕ್ರಾಂತಿ 28.5 ಡಿಗ್ರಿ ದಾಟಿತ್ತು, 2015ರಲ್ಲಿ 18.5ರ ಒಳಗೇ ನಿಲ್ಲುತ್ತಿತ್ತು. 23.4 ಅಂದಲ್ಲಿ 28.5 ಇದ್ದರೆ 15 ಡಿಗ್ರಿ ಅಕ್ಷಾಂಶದಲ್ಲಿ ಉದಯ ಬರೀ 7 ನಿಮಿಷ ತಪ್ಪುತ್ತದೆ, 45ರಲ್ಲಿ ಅರ್ಧ ಗಂಟೆ. ಅಕ್ಷಾಂಶ ಕಡಿಮೆ ಇರುವವರು ಇದಕ್ಕಾಗಿ ಇನ್ನೊಂದು ವೃತ್ತ ಕತ್ತರಿಸುವ ಅಗತ್ಯ ಇಲ್ಲ ಅನ್ನುವುದು ನನ್ನ ತೀರ್ಮಾನ. ಎತ್ತರದ ಅಕ್ಷಾಂಶದವರು ಕತ್ತರಿಸಲೇಬೇಕು.

ಸೊನ್ನೆ ಹಾಕುವುದು

ವಯಸ್ಸು ಎಣಿಸಲು ಒಂದು ಅಮಾವಾಸ್ಯೆ ಬೇಕು. ಸಾಮಾನ್ಯವಾಗಿ ಬಳಸುವುದು 2000ದ ಜನವರಿ 6, ವಿಶ್ವಕಾಲಮಾನ 18:14. ಅಲ್ಲಿಂದ ಕಳೆದ ದಿನಗಳನ್ನು 29.530589ರಿಂದ ಭಾಗಿಸಿ ಉಳಿದದ್ದೇ ವಯಸ್ಸು. ಇದನ್ನು ಪರೀಕ್ಷಿಸಲು 2024ರ ಏಪ್ರಿಲ್ 8ರ ಸಂಪೂರ್ಣ ಸೂರ್ಯಗ್ರಹಣ ತುಂಬ ಅನುಕೂಲ, ಗ್ರಹಣ ಅಂದರೆ ಅಮಾವಾಸ್ಯೆ ತಪ್ಪದೆ ಆಗಿದೆ ಅಂತ. ನಡುವೆ ಸರಿಯಾಗಿ 300 ಚಾಂದ್ರಮಾಸ. ಗುಣಿಸಿದರೆ 8859.18 ದಿನ. ನಿಜವಾದ ಅಮಾವಾಸ್ಯೆ 18:21ಕ್ಕೆ ಆಯಿತು, ಅಂದರೆ 8859.005 ದಿನಕ್ಕೆ. ಸರಾಸರಿ ಲೆಕ್ಕ 4 ಗಂಟೆ ತಡ. ಚಕ್ರದ ಮೇಲೆ ಇದು 8 ನಿಮಿಷ. 24 ವರ್ಷ ಕಳೆದ ಮೇಲೂ ಇಷ್ಟೇ ವ್ಯತ್ಯಾಸ ಅನ್ನುವುದು ಸಮಾಧಾನದ ಮಾತು.

ಇದು ಕೂಡುತ್ತ ಹೋಗುವ ತಪ್ಪಲ್ಲ. ಇದೇ ಮೂರನೆಯ ಕಾರಣ. ಚಂದ್ರ ಭೂಮಿಗೆ ಹತ್ತಿರ ಬಂದಾಗ ನಕ್ಷತ್ರಗಳ ನಡುವೆ (ಸೂರ್ಯನಿಂದ ಅಳೆದದ್ದಲ್ಲ) ದಿನಕ್ಕೆ 15 ಡಿಗ್ರಿ ಮೀರಿ ನಡೆಯುತ್ತಾನೆ, ದೂರ ಹೋದಾಗ 12ಕ್ಕಿಂತ ಕೆಳಗಿಳಿಯುತ್ತಾನೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29 ದಿನ 6 ಗಂಟೆಯೂ ಆಗಬಹುದು, 29 ದಿನ 20 ಗಂಟೆಯೂ ಆಗಬಹುದು. ಅರ್ಧ ಚಂದ್ರನಿಂದ ಹುಣ್ಣಿಮೆಗೆ ಏಳು ದಿನಕ್ಕಿಂತ ಕಡಿಮೆ ಸಾಕಾಗುವುದೂ ಉಂಟು, ಎಂಟು ದಾಟುವುದೂ ಉಂಟು. 1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ ಹಡಗಿನಿಂದ ಮೇಲೆತ್ತಿದ ಕಂಚಿನ ಯಂತ್ರದಲ್ಲಿ ಇದಕ್ಕಾಗಿಯೇ ಒಂದು ಏರ್ಪಾಡಿತ್ತು: ಒಂದು ಹಲ್ಲುಗಾಲಿಯ ಮೊಳೆ ಇನ್ನೊಂದರ ಸೀಳಿನಲ್ಲಿ ಜಾರುತ್ತ, ಚಂದ್ರನ ಮುಳ್ಳನ್ನು ಒಮ್ಮೆ ಬೇಗ ಒಮ್ಮೆ ನಿಧಾನ ನಡೆಸುತ್ತಿತ್ತು. ಎರಡು ಸಾವಿರ ವರ್ಷದ ಹಿಂದಿನ ಕೈಗಳು ಅದನ್ನು ಕಂಚಿನಲ್ಲಿ ಅರೆದು ಕೂರಿಸಿದ್ದವು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ರಟ್ಟಿನಲ್ಲಿ ಮೊಳೆ–ಸೀಳು ನಿಲ್ಲುವುದಿಲ್ಲ. ಅದರ ಬದಲು ವಯಸ್ಸಿನ ಗೆರೆಗಳ ಪಕ್ಕದಲ್ಲಿ ತಿಥಿಯ ಗೆರೆಗಳನ್ನು ಹಾಕಿದೆ. ತಿಥಿ ಅಂದರೆ ಸೂರ್ಯ–ಚಂದ್ರರ ನಡುವಿನ ನಿಜವಾದ ಕೋನವೇ, 12 ಡಿಗ್ರಿಗೊಂದು. ಚಂದ್ರನ ವೇಗದ ಏರುಪೇರು ಅದರೊಳಗೇ ಇದೆ, ಅದಕ್ಕೇ ಒಂದು ತಿಥಿ ಸುಮಾರು 20 ಗಂಟೆಗೂ ಮುಗಿಯುತ್ತದೆ, ಸುಮಾರು 27 ಗಂಟೆಗೂ ಎಳೆಯುತ್ತದೆ. ಮುಂಬದಿಯಲ್ಲಿ ಇದಕ್ಕೆ 12.42 ಡಿಗ್ರಿಗೊಂದು ಗೆರೆ, 12ನ್ನು ಅದೇ 1.035ರಿಂದ ಗುಣಿಸಿದ್ದು. ಮಧ್ಯಾಹ್ನಕ್ಕೆ ಯಾವ ತಿಥಿ ಎಷ್ಟು ಭಾಗ ಕಳೆದಿದೆ ಅಂತ ಪಂಚಾಂಗದಿಂದ ತಿಳಿದು ನಡು ಗೆರೆಯನ್ನು ಅಲ್ಲಿಗೆ ತಂದರೆ ವಯಸ್ಸಿನ ಸರಾಸರಿಯೇ ಬೇಡ. ಸರಿಯಾದ ಅರ್ಧ ಚಂದ್ರ 90 ಡಿಗ್ರಿಗೆ, ಅಂದರೆ ಅಷ್ಟಮಿಯ ಸರಿ ನಡುವೆ, ಅನ್ನುವುದೂ ಈ ಗೆರೆಗಳಲ್ಲಿ ಎದ್ದು ಕಾಣುತ್ತದೆ.

ಒಂದು ತಿಂಗಳ ಪರೀಕ್ಷೆ

ಮೊದಲು ನಡು ಗೆರೆಯನ್ನು ಮಾತ್ರ ಪರೀಕ್ಷಿಸಿದೆ. ನೇರ ಕೋಲು ನೆಟ್ಟು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ನೆರಳು ಒಂದೇ ವೃತ್ತವನ್ನು ಮುಟ್ಟುವ ಎರಡು ಬಿಂದುಗಳಿಂದ ದಕ್ಷಿಣೋತ್ತರ ರೇಖೆ ಕಂಡುಕೊಂಡೆ. ಆ ರೇಖೆಯ ಮೇಲೆ ಎರಡು ತೂಕದ ದಾರ ಇಳಿಬಿಟ್ಟರೆ ಚಂದ್ರ ಎರಡೂ ದಾರದ ಹಿಂದೆ ಒಟ್ಟಿಗೆ ಬರುವ ಕ್ಷಣವೇ ನಡು ದಾಟುವ ಹೊತ್ತು. ಎದುರಿಗೆ ಮರ, ಮನೆ ಇದ್ದರೂ ಈ ಅಳತೆ ಕೆಡುವುದಿಲ್ಲ, ಕ್ರಾಂತಿಯೂ ನಡುವೆ ಬರುವುದಿಲ್ಲ. ಸಪ್ತಮಿ, ಅಷ್ಟಮಿಯ ಹೊತ್ತಿಗೆ ಸಂಜೆ ಬೆಳಕಿರುವಾಗಲೇ ಅಳೆಯಬಹುದು. ಬರೀ ವಯಸ್ಸಿನಿಂದ ಓದಿದಾಗ ಹೊತ್ತು ನಿಧಾನವಾಗಿ ಒಂದು ಬದಿಗೆ ಜಾರಿ, ಇಪ್ಪತ್ತು ನಿಮಿಷದ ಹತ್ತಿರ ಹೋಗಿ, ಮತ್ತೆ ಮರಳಿತು. ತಿಥಿಯಿಂದ ಓದಿದಾಗ ಅಂತರ ಕೆಲವೇ ನಿಮಿಷಕ್ಕೆ ಇಳಿಯಿತು. ಚಂದ್ರನ ವೇಗದ ಏರುಪೇರನ್ನು ಎರಡು ದಾರ, ಒಂದು ಗಡಿಯಾರದಲ್ಲಿ ಕಣ್ಣಾರೆ ಕಂಡ ಹಾಗಾಯಿತು.

ಉದಯ, ಅಸ್ತಕ್ಕೆ ದಿಗಂತ ತೆರೆದಿರಬೇಕು. ಎದುರಿಗೆ 5 ಡಿಗ್ರಿ ಎತ್ತರದ ಅಡ್ಡಿ ಇದ್ದರೆ ಸಮಭಾಜಕದ ಹತ್ತಿರವೂ ಚಂದ್ರ ಕಾಣುವುದು 20 ನಿಮಿಷ ತಡ. ಕೈ ನೀಟಾಗಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ಅರ್ಧ ಮುಷ್ಟಿ ಅಂದರೆ ಆ 20 ನಿಮಿಷ. ವಾತಾವರಣ ಬೆಳಕನ್ನು ಬಗ್ಗಿಸುವುದರಿಂದ ಆಗುವ ವ್ಯತ್ಯಾಸಕ್ಕೆ ನಾನು ಏನನ್ನೂ ಸೇರಿಸಿಲ್ಲ. ಅದು ಚಂದ್ರನನ್ನು 34 ಕಲೆ (60 ಕಲೆ ಅಂದರೆ 1 ಡಿಗ್ರಿ) ಮೇಲೆತ್ತುತ್ತದೆ, ಚಂದ್ರನ ಅರ್ಧ ವ್ಯಾಸ ಇನ್ನೊಂದು 15 ಕಲೆ ಮುಂದೆ ತರುತ್ತದೆ, ಆದರೆ ನಾವು ಭೂಮಿಯ ಕೇಂದ್ರದಲ್ಲಿರದೆ ಮೇಲ್ಮೈಯಲ್ಲಿ ನಿಂತು ನೋಡುವುದರಿಂದ ಚಂದ್ರ 57 ಕಲೆ ಕೆಳಗೆ ಕಾಣುತ್ತಾನೆ. ಮೂರೂ ಸೇರಿ ಹೆಚ್ಚುಕಡಿಮೆ ಸೊನ್ನೆ. ಸೂರ್ಯನಿಗೆ ಈ ಅನುಕೂಲ ಇಲ್ಲ.

ಮುಖಗಳನ್ನು ಫೋಟೊ ತೆಗೆದು ಅಳೆದೆ. ಬೆಳಗಿದ ಭಾಗದ ಗರಿಷ್ಠ ಅಗಲವನ್ನು ಪೂರ್ತಿ ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಬೆಳಗಿದ ವಿಸ್ತೀರ್ಣದ ಪಾಲೂ ಹೌದು, ದೀರ್ಘವೃತ್ತದ ಗುಣ ಅದು. ಎಳೆ ಚಂದ್ರನಲ್ಲಿ ಫೋಟೊ ಸ್ವಲ್ಪ ಕಡಿಮೆ ತೋರಿಸುತ್ತದೆ, ಗಡಿಯ ಹತ್ತಿರದ ಮಬ್ಬು ನೆಲ ಕ್ಯಾಮೆರಾಗೆ ಸಿಗುವುದಿಲ್ಲ. ಉಳಿದಂತೆ ಚಿತ್ರಗಳು ಸರಿ ಬಂದವು.

ಆಮೇಲೆ ಕಾಣೆಯಾಗುವ ಆ ದಿನಗಳು. ಪ್ರತಿದಿನದ ಓದನ್ನು ಒಂದು ಉದ್ದ ಹಾಳೆಯಲ್ಲಿ ಅಡ್ಡಕ್ಕೆ ತಾರೀಖು, ಉದ್ದಕ್ಕೆ ಗಂಟೆ ಹಾಕಿ ಗುರುತಿಸುತ್ತ ಹೋದೆ. ಅಸ್ತದ ಸಾಲು ದಿನದಿನಕ್ಕೆ ನಡುರಾತ್ರಿಯ ಕಡೆ ಸರಿದು, ವಯಸ್ಸು 7ರ ಆಸುಪಾಸಿನಲ್ಲಿ ಗಡಿ ದಾಟಿತು. ಆ ತಾರೀಖಿಗೆ ಚಂದ್ರಾಸ್ತವೇ ಇಲ್ಲ. ಹಿಂದಿನ ದಿನ ನಡುರಾತ್ರಿಗೆ ಸ್ವಲ್ಪ ಮುಂಚೆ ಮುಳುಗಿದವನು ಮುಂದೆ ಮುಳುಗುವುದು ಮರುದಿನದ ನಡುರಾತ್ರಿ ಕಳೆದ ಮೇಲೆ, ನಡುವಿನ ತಾರೀಖು ಖಾಲಿ. ಹುಣ್ಣಿಮೆಯ ಹತ್ತಿರ ನಡುವಿನ ಸಾಲು ಹಾಗೇ ದಾಟುತ್ತದೆ, 22ರ ಸುಮಾರಿಗೆ ಉದಯದ ಸಾಲು. ಚಂದ್ರೋದಯದ ಕೋಷ್ಟಕಗಳಲ್ಲಿ ತಿಂಗಳಿಗೊಂದು ಮನೆಯಲ್ಲಿ ಬರೀ ಗೀಟು ಇರುವುದು ಇದಕ್ಕೇ. ಮುಂಬದಿಯಲ್ಲಿ 28ರ ಆಚೆ ಉಳಿದ ಆ ಅರ್ಧ ಮನೆಯೂ, ಈ ಖಾಲಿ ತಾರೀಖುಗಳೂ ಒಂದೇ ಲೆಕ್ಕದ ಎರಡು ಕಡೆ.

ಅದೇ ಹಾಳೆಯಲ್ಲಿ ಉದಯದ ಸಾಲು ನೇರಗೆರೆಯಲ್ಲ, ಅಲೆ. ಚಂದ್ರ ದಕ್ಷಿಣದಿಂದ ಉತ್ತರಕ್ಕೆ ಬೇಗ ಬೇಗ ಏರುವ ದಿನಗಳಲ್ಲಿ ದಿನದ ಅಂತರ ಕುಗ್ಗುತ್ತದೆ, ಉತ್ತರದಿಂದ ಇಳಿಯುವಾಗ ಹಿಗ್ಗುತ್ತದೆ. 45 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಕುಗ್ಗಿದಾಗ ಅರ್ಧ ಗಂಟೆಯೂ ಇರುವುದಿಲ್ಲ, ಹಿಗ್ಗಿದಾಗ ಗಂಟೆ ದಾಟುತ್ತದೆ. ಕುಗ್ಗುವ ಆ ದಿನಗಳು ಸೆಪ್ಟೆಂಬರ್ ಕೊನೆಯ ಸುಮಾರಿಗೆ ಹುಣ್ಣಿಮೆಯ ಜೊತೆ ಬೀಳುತ್ತವೆ, ಮಾರ್ಚಿನಲ್ಲಿ ಅಮಾವಾಸ್ಯೆಯ ಜೊತೆ. ಅಸ್ತದ ಸಾಲು ಇದಕ್ಕೆ ಉಲ್ಟಾ: ಉದಯದ ಅಂತರ ಕುಗ್ಗಿದ ದಿನ ಅಸ್ತದ ಅಂತರ ಹಿಗ್ಗಿರುತ್ತದೆ. ಎರಡರ ನಡುವೆ ನಡು ದಾಟುವ ಸಾಲು ಮಾತ್ರ ಹೆಚ್ಚು ಅಲುಗದೆ ಸಾಗುತ್ತದೆ. 50 ನಿಮಿಷದ ಮಾತು ಹತ್ತಿರಹತ್ತಿರ ಸಲ್ಲುವುದು ಆ ಸಾಲಿಗೆ.

ಮಾಡಿಕೊಳ್ಳುವವರಿಗೆ ಕೊನೆಯದಾಗಿ ಎರಡು ಸೂಚನೆ. ಪಾರದರ್ಶಕ ವೃತ್ತದ ಕ್ರಾಂತಿಯ ಗುರುತುಗಳನ್ನು ಪರ್ಮನೆಂಟ್ ಮಾರ್ಕರ್‌ನಿಂದ ಹಾಳೆಯ ಒಳಬದಿಗೆ ಬರೆಯಿರಿ, ಮೇಲೆ ಬರೆದರೆ ಮುಳ್ಳುಗಳು ಉಜ್ಜಿ ಅಳಿಸುತ್ತವೆ. ದಕ್ಷಿಣಾರ್ಧಗೋಳದಲ್ಲಿ ಬಳಸುವುದಾದರೆ ಬೇರೆ ಚಕ್ರ ಬೇಡ: ಅದೇ ಅಕ್ಷಾಂಶದ ವೃತ್ತವನ್ನೇ ಇಟ್ಟುಕೊಂಡು, ಉತ್ತರ ಕ್ರಾಂತಿಯನ್ನು ದಕ್ಷಿಣ ಎಂದೂ ದಕ್ಷಿಣವನ್ನು ಉತ್ತರ ಎಂದೂ ಓದಿಕೊಂಡರೆ ಮೂರು ಮುಳ್ಳೂ ಸರಿಯಾದ ಹೊತ್ತನ್ನೇ ತೋರಿಸುತ್ತವೆ.